ಕಪ್ ಗೆಲ್ಲದ ಡೇನಿಯಲ್ ಆಲ್ಫ್ರೆಡ್ಸನ್‌ಗೆ ಒಟ್ಟಾವಾದಲ್ಲಿ ಇಷ್ಟೊಂದು ಮರ್ಯಾದೆ ಯಾಕೆ?

ಮಂಜಿನೂರಿನವ
ನಾನು ಐಸ್ ಹಾಕಿ ನೋಡಲು ಶುರು ಮಾಡಿದ್ದು ಒಟ್ಟಾವಾಕ್ಕೆ ಬಂದ ಮೇಲೆ. ಇಲ್ಲಿನ ಸೆನೆಟರ್ಸ್ ತಂಡದ ಮ್ಯಾಚಿಗೆ ಹೋದರೆ 11 ನಂಬರಿನ ಜೆರ್ಸಿ ಈಗಲೂ ಸಾಲು ಸಾಲು ಕಾಣುತ್ತದೆ. ಬೆನ್ನ ಮೇಲೆ ಆಲ್ಫ್ರೆಡ್ಸನ್ ಅಂತ ಹೆಸರು. ಆಡುವುದು ಬಿಟ್ಟು ಹತ್ತು ವರ್ಷ ದಾಟಿದೆ, ಆದರೂ ಆಫೀಸಿನಲ್ಲಿ 'ಆಲ್ಫಿ' ಅಂದರೆ ಸಾಕು, ಎಲ್ಲರ ಮುಖ ಅರಳುತ್ತದೆ.

ಅವನ ಬಗ್ಗೆ ಒಂದಿಷ್ಟು ಓದಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನವನು, ರೈಟ್ ವಿಂಗರ್. ಒಟ್ಟಾವಾಕ್ಕೆ 17 ಸೀಸನ್ ಆಡಿದ, 1999ರಿಂದ 2013ರ ತನಕ ಕ್ಯಾಪ್ಟನ್. ಆದರೆ ಲೀಗ್ ಚಾಂಪಿಯನ್ನಿಗೆ ಸಿಗುವ ಸ್ಟಾನ್ಲಿ ಕಪ್ ಒಂದು ಸಲವೂ ಗೆಲ್ಲಲಿಲ್ಲ. ಕೊನೆಗೆ ತಂಡ ಬಿಟ್ಟು ಡೆಟ್ರಾಯ್ಟ್‌ಗೆ ಹೋದ. ದಿಗ್ಗಜರನ್ನು ಸೇರಿಸುವ ಹಾಲ್ ಆಫ್ ಫೇಮ್‌ಗೂ ಮೊದಲ ಸಲಕ್ಕೆ ಆಯ್ಕೆ ಆಗಲಿಲ್ಲ, 2022ರ ತನಕ ಕಾದ. ಇಷ್ಟು ಪ್ರೀತಿ ಎಲ್ಲಿಂದ ಬಂತು? ತಿಳಿದವರು ಹೇಳಿ.

ಕನಾಟಾ ಅಂಕಲ್
ಒಳ್ಳೆ ಪ್ರಶ್ನೆ. ಉತ್ತರ ಬೇಕಾದರೆ 1995ಕ್ಕೆ ಹೋಗಬೇಕು.

ಈಗಿನ ಸೆನೆಟರ್ಸ್ ಎನ್‌ಎಚ್‌ಎಲ್‌ಗೆ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಸೇರಿದ್ದು 1992ರಲ್ಲಿ. ಮೊದಲ ನಾಲ್ಕು ವರ್ಷ ಸೋಲು ಬಿಟ್ಟರೆ ಬೇರೇನೂ ಇರಲಿಲ್ಲ. 1993ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಮೊದಲ ಆಯ್ಕೆಯಾಗಿ ಅಲೆಕ್ಸಾಂಡ್ರೆ ಡೇಗ್ಲ್‌ನನ್ನು ಕರೆತಂದರು. ಐದು ವರ್ಷಕ್ಕೆ 1.2 ಕೋಟಿ ಡಾಲರ್‌ಗೂ ಜಾಸ್ತಿ. ಊರಿನ ಆಸೆಯೆಲ್ಲ ಅವನ ಮೇಲಿತ್ತು, ಅವನು ಅದನ್ನು ಹೊರಲಿಲ್ಲ. ಮರುವರ್ಷ, 1994ರಲ್ಲಿ, ಆರನೇ ಸುತ್ತಿನಲ್ಲಿ 133ನೇ ಆಯ್ಕೆಯಾಗಿ ಒಬ್ಬ ಸ್ವೀಡಿಷ್ ಹುಡುಗನ ಹೆಸರು ಕೂಗಿದರು. ವಯಸ್ಸು ಆಗಲೇ 21. ಡ್ರಾಫ್ಟ್‌ನಲ್ಲಿ 18ರ ಹುಡುಗರೇ ಜಾಸ್ತಿ. ಆ ಲೆಕ್ಕದಲ್ಲಿ ಅವನನ್ನು ಮೂರು ವರ್ಷ ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

ಆ ಹುಡುಗ 1995–96ರಲ್ಲಿ ಬಂದವನೇ 26 ಗೋಲು, 35 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್), ಎರಡೂ ಸೇರಿ 61 ಪಾಯಿಂಟ್ ಮಾಡಿ ವರ್ಷದ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಎತ್ತಿಕೊಂಡ. ಅದೇ ವರ್ಷ ತಂಡ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನ! ಒಂದೇ ಸೀಸನ್ನಿನಲ್ಲಿ ಮೂವರು ಕೋಚ್‌ಗಳು. ಊರಂಚಿನ ಕನಾಟಾದ ಹೊಸ ರಿಂಕ್ (ಐಸ್ ಮೈದಾನ) ಬಾಗಿಲು ತೆರೆದದ್ದೂ ಆ ಚಳಿಗಾಲದಲ್ಲೇ, 1996ರ ಜನವರಿಯಲ್ಲಿ. ಏನೂ ಇಲ್ಲದ ಕಾಲದಲ್ಲಿ ಕೈ ಹಿಡಿದವನನ್ನು ಊರು ಮರೆಯುತ್ತದಾ?

ನೀಲಿ ಎಲೆ
ನಾನು ಟೊರಾಂಟೊದವನು, ಮೇಪಲ್ ಲೀಫ್ಸ್ ಅಭಿಮಾನಿ. ಇನ್ನೊಂದು ಕಡೆಯ ಮಾತೂ ಇರಲಿ. 2002ರ ಪ್ಲೇಆಫ್ (ಸೀಸನ್ ಮುಗಿದ ಮೇಲಿನ ಸರಣಿಗಳು, ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ), ಐದನೇ ಪಂದ್ಯ, ಟೊರಾಂಟೊದಲ್ಲಿ. ನಮ್ಮ ಡಾರ್ಸಿ ಟಕ್ಕರ್ ಬೋರ್ಡ್ (ರಿಂಕ್ ಸುತ್ತಲಿನ ಗೋಡೆ) ಕಡೆ ಮುಖ ಮಾಡಿದ್ದ. ಆಲ್ಫ್ರೆಡ್ಸನ್ ಹಿಂದಿನಿಂದ ಬಂದು ಗುದ್ದಿದ. ಟಕ್ಕರ್ ಭುಜ ಹೋಯಿತು. ರೆಫರಿ ಶಿಳ್ಳೆ ಊದಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಆಲ್ಫ್ರೆಡ್ಸನ್ ಗೆಲುವಿನ ಗೋಲು ಹೊಡೆದ. ಅಲ್ಲಿಂದ ಅವನ ಸ್ಟಿಕ್ ಪಕ್‌ಗೆ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ತಾಗಿದಾಗಲೆಲ್ಲ ಟೊರಾಂಟೊ 'ಬೂ' ಅಂದಿದೆ. ನಾನೂ ಅಂದಿದ್ದೇನೆ, ಈಗಲೂ ಅನ್ನುತ್ತೇನೆ.

ಕನಾಟಾ ಅಂಕಲ್
@ನೀಲಿ ಎಲೆ, ಆ ಸರಣಿ ಗೆದ್ದದ್ದು ನೀವೇ ತಾನೆ, ಏಳನೇ ಪಂದ್ಯದಲ್ಲಿ. 2000, 2001, 2002, 2004, ನಾಲ್ಕೂ ಸಲ ನಮ್ಮನ್ನು ಮನೆಗೆ ಕಳಿಸಿದಿರಿ. ಇನ್ನೂ ಸಿಟ್ಟು ಯಾಕೆ?

ನೀಲಿ ಎಲೆ
ಗೆದ್ದರೆ ಗುದ್ದಿದ್ದು ಸರಿ ಆಗುತ್ತದಾ ಸರ್?

ಪ್ರಶ್ನೆ ಕೇಳುವವಳು
ಮಧ್ಯೆ ಬರುತ್ತಿದ್ದೇನೆ. ನನಗೆ ಈ ಆಟ ಪೂರ್ತಿ ಹೊಸದು. ವಿಂಗರ್ ಅಂದರೆ ಪಕ್ಕದಲ್ಲಿ ಓಡುವವನು ಅಂತ ಗೊತ್ತು. ಅಷ್ಟೇನಾ ಕೆಲಸ?

ಗೋಣಿಕೊಪ್ಪದ ಹುಡುಗ
ಮೇಡಂ, ನಾನು ಊರಲ್ಲಿ ಟರ್ಫ್ ಮೇಲೆ ವಿಂಗ್‌ನಲ್ಲಿ ಆಡಿದವನು, ಇಲ್ಲಿ ಬಂದ ಮೇಲೆ ಐಸ್ ಮೇಲೂ ಆಡುತ್ತೇನೆ. ಎರಡರಲ್ಲೂ ವಿಂಗ್ ಬೇರೆ ಬೇರೆ ಕೆಲಸ. ನಮ್ಮ ಹಾಕಿಯಲ್ಲಿ ಚೆಂಡು ಲೈನ್ ದಾಟಿದರೆ ಆಟ ನಿಲ್ಲುತ್ತದೆ. ಐಸ್ ಹಾಕಿಯಲ್ಲಿ ಸುತ್ತಲೂ ಗೋಡೆ, ಪಕ್ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಹಾಗಾಗಿ ವಿಂಗರ್‌ನ ಅರ್ಧ ಜೀವನ ಆ ಗೋಡೆಯ ಹತ್ತಿರ. ಮೈಗೆ ಮೈ ತಾಗಿಸಿ ಪಕ್ ಕಿತ್ತುಕೊಳ್ಳಬೇಕು. ತನ್ನ ಗೋಲಿನ ಕಡೆ ಆಟ ಬಂದಾಗ ಎದುರಾಳಿಯ ಡಿಫೆನ್ಸ್‌ಮನ್ ಶಾಟ್ ಹೊಡೆಯದ ಹಾಗೆ ಮುಂದೆ ಹೋಗಿ ನಿಲ್ಲಬೇಕು, ಆ ಶಾಟ್ ಕಾಲಿಗೆ ಬಿದ್ದರೂ ಸರಿ. ಇಷ್ಟೆಲ್ಲ ಆದ ಮೇಲೆ ಗೋಲು. ಎರಡೂ ಕಡೆ ಸಮನಾಗಿ ಬೆವರು ಸುರಿಸುವ ವಿಂಗರ್ ಸಿಗುವುದು ಅಪರೂಪ. ಆಲ್ಫ್ರೆಡ್ಸನ್ ಅಂಥವನು. ಪವರ್‌ಪ್ಲೇಗೂ (ಎದುರಾಳಿಗೆ ಒಬ್ಬ ಕಡಿಮೆ ಇರುವಾಗ) ಅವನೇ, ತನ್ನ ತಂಡಕ್ಕೆ ಒಬ್ಬ ಕಡಿಮೆ ಇದ್ದಾಗಲೂ ಅವನೇ.

ಗೋಥೆನ್‌ಬರ್ಗ್ ಕನ್ನಡತಿ
ಇನ್ನೊಂದು ವಿಷಯ ಸೇರಿಸುತ್ತೇನೆ. ಸ್ವೀಡನ್ ರಿಂಕ್ ಸಾಮಾನ್ಯವಾಗಿ 30 ಮೀಟರ್ ಅಗಲ, ಎನ್‌ಎಚ್‌ಎಲ್‌ನದು 26ರ ಹತ್ತಿರ. ಇಲ್ಲಿ ಬೆಳೆದವರಿಗೆ ಪಕ್ಕದಲ್ಲಿ ಜಾಗ ಇರುತ್ತದೆ, ಯೋಚನೆಗೆ ಟೈಮ್ ಸಿಗುತ್ತದೆ. ಅಲ್ಲಿ ಹೋದ ತಕ್ಷಣ ಆ ನಾಲ್ಕು ಮೀಟರ್ ಮಾಯ. ಅದಕ್ಕೇ ಇಲ್ಲಿಂದ ಹೋದ ಎಷ್ಟೋ ವಿಂಗರ್‌ಗಳು ಮೊದಲ ವರ್ಷ ಒದ್ದಾಡುತ್ತಾರೆ. ಇವರು ಮೊದಲ ವರ್ಷವೇ ಕಾಲ್ಡರ್ ಗೆದ್ದರು.

ಇಲ್ಲಿ ಅವರನ್ನು ನೆನೆಯುವುದು ಫ್ರೋಲುಂಡಾ ಕ್ಲಬ್ಬಿನಿಂದ. 2004–05ರಲ್ಲಿ ಎನ್‌ಎಚ್‌ಎಲ್ ಲಾಕೌಟ್ ಆಗಿ ಇಡೀ ಸೀಸನ್ ರದ್ದಾಯಿತಲ್ಲ, ಆಗ ಊರಿಗೆ ಬಂದು ಫ್ರೋಲುಂಡಾಗೆ ಆಡಿದರು. ಗೋಲಿನಲ್ಲಿ ಹೆನ್ರಿಕ್ ಲುಂಡ್‌ಕ್ವಿಸ್ಟ್. 2005ರಲ್ಲಿ ಸ್ವೀಡಿಷ್ ಚಾಂಪಿಯನ್ ಆದರು. ಮರುವರ್ಷ ಟ್ಯೂರಿನ್ ಒಲಿಂಪಿಕ್ ಚಿನ್ನ, ಫೈನಲ್‌ನಲ್ಲಿ ಫಿನ್‌ಲೆಂಡ್ ವಿರುದ್ಧ 3–2. ಹಾಗಾಗಿ 'ಏನೂ ಗೆದ್ದಿಲ್ಲ' ಅನ್ನುವ ಮಾತು ಗೋಥೆನ್‌ಬರ್ಗ್‌ನಲ್ಲಿ ನಡೆಯುವುದಿಲ್ಲ. ಉತ್ತರ ಅಮೆರಿಕದ ಲೀಗ್ ಒಂದನ್ನೇ ಲೆಕ್ಕ ಹಿಡಿದರೆ ಮಾತ್ರ ಅದು ಖಾಲಿ ಕೈ.

ಅಂಕಿಸಂಖ್ಯೆ
ಲೆಕ್ಕ ಬೇಕಾದವರಿಗೆ: 1246 ಪಂದ್ಯ, 444 ಗೋಲು, 713 ಅಸಿಸ್ಟ್, 1157 ಪಾಯಿಂಟ್. ಇದರಲ್ಲಿ ಡೆಟ್ರಾಯ್ಟ್‌ನದು 49 ಪಾಯಿಂಟ್ ಮಾತ್ರ, ಉಳಿದ 1108 ಒಟ್ಟಾವಾದ್ದು. ಅತಿ ದೊಡ್ಡ ಸೀಸನ್ 2005–06, 43 ಗೋಲು, 60 ಅಸಿಸ್ಟ್, 103 ಪಾಯಿಂಟ್. ಆಗ ಒಂದೇ ಲೈನ್‌ನಲ್ಲಿ (ಒಟ್ಟಿಗೆ ಆಡುವ ಮೂವರು ಫಾರ್ವರ್ಡ್‌ಗಳು) ಸ್ಪೆಝಾ, ಹೀಟ್ಲಿ, ಆಲ್ಫ್ರೆಡ್ಸನ್.

ವ್ಯಾಂಕೂವರ್ ಮಳೆ
103 ಪಾಯಿಂಟ್ ಸರಿ. ಆದರೆ ಆ ವರ್ಷದ ಕೊನೆ ಹೇಗಾಯಿತು ಅದನ್ನೂ ಹೇಳಿ.

ಕನಾಟಾ ಅಂಕಲ್
ಹೇಳುತ್ತೇನೆ, ಮುಚ್ಚಿಡುವುದು ಏನಿದೆ.

2006, ಎರಡನೇ ಸುತ್ತು, ಬಫಲೋ ವಿರುದ್ಧ ಐದನೇ ಪಂದ್ಯ, ನಮ್ಮದೇ ರಿಂಕ್. ಮೊದಲ ಗೋಲಿಗೇ ಪಂದ್ಯ ಮುಗಿಯುವ ಓವರ್‌ಟೈಮ್. ಪವರ್‌ಪ್ಲೇ ನಮ್ಮದು, ಎದುರಾಳಿಗೆ ಒಬ್ಬ ಕಡಿಮೆ. ಬ್ಲೂಲೈನ್ (ದಾಳಿಯ ವಲಯದ ಗೆರೆ) ಹತ್ತಿರ ಆಲ್ಫ್ರೆಡ್ಸನ್ ನಿಂತಿದ್ದ. ಬಫಲೋದ ಜೇಸನ್ ಪಾಮಿನ್‌ವಿಲ್ ಪಕ್ ಹಿಡಿದು ಬಂದು ಅವನ ಪಕ್ಕದಿಂದಲೇ ದಾಟಿ ಹೋದ. ಗೋಲು. ಸರಣಿ ಮುಗಿಯಿತು. ಒಬ್ಬ ಕಡಿಮೆ ಇದ್ದ ತಂಡ ಓವರ್‌ಟೈಮ್ ಗೋಲು ಹೊಡೆದು ಸರಣಿ ಮುಗಿಸಿತು ಅಂದರೆ ನೋಡಿ. ಆ ಬೇಸಿಗೆ ಪೂರ್ತಿ ರೇಡಿಯೋದಲ್ಲಿ ಒಂದೇ ಮಾತು: ಇವನು ದೊಡ್ಡ ಪಂದ್ಯಕ್ಕಲ್ಲ, ಮಾರಿಬಿಡಿ.

ಮಾರಲಿಲ್ಲ. 2007ರಲ್ಲಿ ಪಿಟ್ಸ್‌ಬರ್ಗ್ ವಿರುದ್ಧ 4–1, ನ್ಯೂಜೆರ್ಸಿ ವಿರುದ್ಧ 4–1. ಮೂರನೇ ಸುತ್ತಿಗೆ ಮತ್ತೆ ಅದೇ ಬಫಲೋ. ಐದನೇ ಪಂದ್ಯ, ಈ ಸಲ ಅವರ ರಿಂಕ್, ಮತ್ತೆ ಓವರ್‌ಟೈಮ್. ಗೋಲು ಹೊಡೆದದ್ದು ಯಾರು? ಆಲ್ಫ್ರೆಡ್ಸನ್. ಅದೇ ತಂಡ, ಅದೇ ಐದನೇ ಪಂದ್ಯ. ಈಗಿನ ಸೆನೆಟರ್ಸ್ ತಂಡ ಮೊದಲ ಸಲ ಸ್ಟಾನ್ಲಿ ಕಪ್ ಫೈನಲ್‌ಗೆ ಹೋಯಿತು. ಎಲ್ಜಿನ್ ಸ್ಟ್ರೀಟಿನಲ್ಲಿ ಆ ರಾತ್ರಿ ಕಾಲಿಡಲು ಜಾಗ ಇರಲಿಲ್ಲ. ಗುರುತು ಪರಿಚಯ ಇಲ್ಲದವರೆಲ್ಲ ನನ್ನನ್ನು ತಬ್ಬಿಕೊಂಡರು.

ಮಂಜಿನೂರಿನವ
ವಾಹ್! ಇದನ್ನು ಯಾರೂ ನನಗೆ ಹೀಗೆ ಹೇಳಿರಲಿಲ್ಲ.

ವ್ಯಾಂಕೂವರ್ ಮಳೆ
ಫೈನಲ್‌ನಲ್ಲಿ ಅನಾಹೈಮ್ ಡಕ್ಸ್ 4–1ಕ್ಕೆ ಮುಗಿಸಿದರು. ನಾಲ್ಕನೇ ಪಂದ್ಯ, ಎರಡನೇ ಪೀರಿಯಡ್ ಮುಗಿಯುವ ಹೊತ್ತು. ಆಲ್ಫ್ರೆಡ್ಸನ್ ಪಕ್ಕನ್ನು ನೇರವಾಗಿ ಡಕ್ಸ್ ಕ್ಯಾಪ್ಟನ್ ಸ್ಕಾಟ್ ನೀಡರ್‌ಮೇಯರ್ ಮೈಗೇ ಹೊಡೆದ. ಬೇಕಂತಲೇ ಹೊಡೆದ ಅಂತ ಡಕ್ಸ್ ಆಟಗಾರರು ಕೆರಳಿದರು. ಆ ಪಂದ್ಯ 3–2ಕ್ಕೆ ಹೋಯಿತು. ಕ್ಯಾಪ್ಟನ್ ಆದವನು ಫೈನಲ್‌ನಲ್ಲಿ ತಾಳ್ಮೆ ಕಳೆದುಕೊಳ್ಳಬಾರದಿತ್ತು.

ಗೋಣಿಕೊಪ್ಪದ ಹುಡುಗ
ತಾಳ್ಮೆ ಕಳೆದುಕೊಂಡ, ಒಪ್ಪುತ್ತೇನೆ. ಮುಂದಿನ ಪಂದ್ಯವನ್ನೂ ಹೇಳಿ ಅಣ್ಣ. ಐದನೇ ಪಂದ್ಯ 6–2. ಒಟ್ಟಾವಾದ ಆ ಎರಡೂ ಗೋಲು ಯಾರದ್ದು? ಅವನದ್ದೇ. ಆ ಪ್ಲೇಆಫ್‌ನಲ್ಲಿ 14 ಗೋಲು, 22 ಪಾಯಿಂಟ್. ಗೋಲಿನಲ್ಲಿ ಅವನಿಗಿಂತ ಮುಂದೆ ಯಾರೂ ಇರಲಿಲ್ಲ. ಇನ್ನೂ ಏನು ಮಾಡಬೇಕಿತ್ತು? ಹಾಕಿಯಲ್ಲಿ ಒಬ್ಬ ಫಾರ್ವರ್ಡ್ ಐಸ್ ಮೇಲೆ ಇರುವುದು ಪಂದ್ಯದ ಮೂರನೇ ಒಂದು ಭಾಗ. ಉಳಿದ ಹೊತ್ತು ಬೆಂಚಿನಲ್ಲಿ ಕೂತು ನೋಡಬೇಕು. ಕಪ್ ಇಲ್ಲ ಅಂತ ಒಬ್ಬನನ್ನು ಅಳೆಯುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ.

ಡೆಟ್ರಾಯ್ಟ್ ಕಡೆಯವ
ನಮ್ಮ ನಿಕ್ಲಾಸ್ ಲಿಡ್‌ಸ್ಟ್ರೋಮ್ 2008ರಲ್ಲಿ ಕ್ಯಾಪ್ಟನ್ ಆಗಿ ಕಪ್ ಎತ್ತಿದರು. ಯುರೋಪಿನಲ್ಲಿ ಆಟ ಕಲಿತ ಕ್ಯಾಪ್ಟನ್ ಹಾಗೆ ಗೆದ್ದದ್ದು ಅದೇ ಮೊದಲು. ಹಿಂದಿನ ವರ್ಷ ಆಲ್ಫ್ರೆಡ್ಸನ್ ಗೆದ್ದಿದ್ದರೆ ಆ ಹೆಸರು ಅವರದ್ದಾಗುತ್ತಿತ್ತು. ಅಷ್ಟು ಹತ್ತಿರ ಹೋಗಿದ್ದರು.

ನೀಲಿ ಎಲೆ
ಹತ್ತಿರ ಹೋಗುವುದು ಬೇರೆ, ಗೆಲ್ಲುವುದು ಬೇರೆ.

ಗೋಣಿಕೊಪ್ಪದ ಹುಡುಗ
ಲೀಫ್ಸ್ ಕೊನೆಯ ಸಲ ಗೆದ್ದದ್ದು 1967 ಅಲ್ವಾ?

ನೀಲಿ ಎಲೆ
ಅದನ್ನು ತರಬೇಡ ಗುರು. 😤

ಪ್ರಶ್ನೆ ಕೇಳುವವಳು
ಡೆಟ್ರಾಯ್ಟ್‌ಗೆ ಹೋದದ್ದು ಯಾಕೆ ಅಂತ ಯಾರೂ ಹೇಳಲಿಲ್ಲ. ದುಡ್ಡಿಗಾ?

ಕನಾಟಾ ಅಂಕಲ್
ಇದು ನೋವಿನ ಭಾಗ. 2008ರಲ್ಲಿ ನಾಲ್ಕು ವರ್ಷದ ಹೊಸ ಕರಾರು ಆಯಿತು. ಕೊನೆಯ ವರ್ಷ, ಅಂದರೆ 2012–13ಕ್ಕೆ, ಸಂಬಳ ಬರೀ 10 ಲಕ್ಷ ಡಾಲರ್. ಲೀಗ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಆ ಮಿತಿಗೆ ಲೆಕ್ಕ ಹಿಡಿಯುವುದು ಕರಾರಿನ ವರ್ಷಗಳ ಸರಾಸರಿಯನ್ನು. ಕೊನೆಗೆ ಕಡಿಮೆ ಸಂಬಳದ ಒಂದು ವರ್ಷ ಸೇರಿಸಿದರೆ ಸರಾಸರಿ ಇಳಿಯುತ್ತದೆ, ತಂಡಕ್ಕೆ ಬೇರೆಯವರನ್ನು ಕೊಳ್ಳಲು ಜಾಗ ಸಿಗುತ್ತದೆ. ಆ ವರ್ಷ ತಾನು ಆಡುವ ಅಂದಾಜೇ ಇರಲಿಲ್ಲ, ನಿವೃತ್ತಿ ಅಂದುಕೊಂಡಿದ್ದೆ ಅಂತ ಆಮೇಲೆ ಅವನೇ ಹೇಳಿದ. ಆದರೆ ಮೈಯಲ್ಲಿ ಕಸುವಿತ್ತು. 10 ಲಕ್ಷಕ್ಕೇ ಆಡಿದ. ಆ ವರ್ಷ ಮುಗಿದ ಮೇಲೆ 'ಹಿಂದೆ ಬಿಟ್ಟುಕೊಟ್ಟದ್ದನ್ನು ಸ್ವಲ್ಪ ಸರಿ ಮಾಡಿ' ಅನ್ನುವ ಅರ್ಥದಲ್ಲಿ ಮಾತುಕತೆ ಶುರುವಾಯಿತು. ತಂಡದವರು ಒಪ್ಪುವ ಮೊತ್ತಕ್ಕೆ ಬರಲಿಲ್ಲ.

2013ರ ಜುಲೈ 5. ಡೆಟ್ರಾಯ್ಟ್ ಒಂದು ವರ್ಷಕ್ಕೆ 55 ಲಕ್ಷ ಕೊಟ್ಟು ಕರೆದೊಯ್ದಿತು. ಅದೇ ದಿನ ಒಟ್ಟಾವಾ ಬಾಬಿ ರಯಾನ್‌ನನ್ನು ತಂದಿತು, ಅವನಿಗಾಗಿ ಬಿಟ್ಟುಕೊಟ್ಟವರಲ್ಲಿ ಇನ್ನೊಬ್ಬ ಸ್ವೀಡಿಷ್ ವಿಂಗರ್ ಯಾಕೋಬ್ ಸಿಲ್ವರ್‌ಬರ್ಗ್ ಇದ್ದ. ಒಂದೇ ದಿನಕ್ಕೆ ಹಳೆಯ ವಿಂಗರೂ ಹೋದ, ಮುಂದೆ ಅವನ ಜಾಗ ತುಂಬಬೇಕಿದ್ದವನೂ ಹೋದ.

ಡೆಟ್ರಾಯ್ಟ್ ಕಡೆಯವ
ದುಡ್ಡು ಒಂದೇ ಕಾರಣ ಅಲ್ಲ. ಆಗ ಇಲ್ಲಿ ಜೆಟ್ಟರ್‌ಬರ್ಗ್ ಕ್ಯಾಪ್ಟನ್, ಕ್ರೋನ್‌ವಾಲ್, ಫ್ರಾನ್ಜೆನ್, ಎರಿಕ್ಸನ್ ಎಲ್ಲ ಇದ್ದರು. ಅರ್ಧ ಸ್ವೀಡನ್ ತಂಡವೇ ಇಲ್ಲಿತ್ತು. 40 ದಾಟಿದವನು ಕಪ್‌ಗೆ ಕೊನೆಯ ಅವಕಾಶ ಹುಡುಕಿದ್ದು ತಪ್ಪಾ? 18 ಗೋಲು, 31 ಅಸಿಸ್ಟ್ ಮಾಡಿದರು, ಸುಮ್ನೆ ಹೆಸರಿಗೆ ಬಂದವರಲ್ಲ.

ವ್ಯಾಂಕೂವರ್ ಮಳೆ
ತಪ್ಪು ಅಂತ ಯಾರೂ ಹೇಳುತ್ತಿಲ್ಲ. ಆದರೆ ಒಂದೇ ಊರಿಗೆ ಆಡಿ ನಿವೃತ್ತಿಯಾದ ನಮ್ಮ ವ್ಯಾಂಕೂವರ್‌ನ ಸೆಡಿನ್ ಅಣ್ಣತಮ್ಮಂದಿರ ಕತೆಗೂ ಇದಕ್ಕೂ ವ್ಯತ್ಯಾಸ ಇದೆ ಅಲ್ವಾ? ಅವರೂ ಕಪ್ ಗೆದ್ದಿಲ್ಲ, 2011ರಲ್ಲಿ ಬಾಸ್ಟನ್ ವಿರುದ್ಧ ಏಳನೇ ಪಂದ್ಯದಲ್ಲಿ ಸೋತರು. ಆದರೂ ಹಾಲ್ ಆಫ್ ಫೇಮ್‌ಗೆ ಮೊದಲ ಅವಕಾಶದಲ್ಲೇ ಸೇರಿದರು.

ಅಂಕಿಸಂಖ್ಯೆ
ಮೂವರೂ ಸೇರಿದ್ದು ಒಂದೇ ವರ್ಷ, 2022. ಡೇನಿಯಲ್ ಸೆಡಿನ್, ಹೆನ್ರಿಕ್ ಸೆಡಿನ್, ಆಲ್ಫ್ರೆಡ್ಸನ್, ಜೊತೆಗೆ ಗೋಲ್‌ಕೀಪರ್ ರಾಬರ್ಟೊ ಲುಯೊಂಗೊ. ಸೆಡಿನ್‌ಗಳಿಗೆ ಎಂವಿಪಿಗೆ (ವರ್ಷದ ಅತ್ಯಮೂಲ್ಯ ಆಟಗಾರ) ಕೊಡುವ ಹಾರ್ಟ್ ಟ್ರೋಫಿ (ಹೆನ್ರಿಕ್, 2010), ಸ್ಕೋರಿಂಗ್‌ನ ಆರ್ಟ್ ರಾಸ್ ಟ್ರೋಫಿ (2010 ಹೆನ್ರಿಕ್, 2011 ಡೇನಿಯಲ್) ಇವೆ. ಆಲ್ಫ್ರೆಡ್ಸನ್‌ಗೆ ಆ ಥರದ್ದು ಇಲ್ಲ. ಆಯ್ಕೆ ಸಮಿತಿ ಅದನ್ನೇ ನೋಡಿರಬೇಕು.

ಗೋಥೆನ್‌ಬರ್ಗ್ ಕನ್ನಡತಿ
ಅಂಕಿಸಂಖ್ಯೆ ಅವರೇ, ಅವರಿಗೆ ಇರುವ ಪ್ರಶಸ್ತಿಯನ್ನೂ ಬರೆಯಿರಿ. 2012ರ ಕಿಂಗ್ ಕ್ಲ್ಯಾನ್ಸಿ ಟ್ರೋಫಿ. ಅದು ಆಟಕ್ಕೆ ಮಾತ್ರ ಕೊಡುವುದಲ್ಲ. ನಾಯಕತ್ವ, ಸಮಾಜಕ್ಕೆ ಮಾಡಿದ ಕೆಲಸ ಎರಡನ್ನೂ ನೋಡುತ್ತಾರೆ. ಅವರ ತಂಗಿಗೆ ಆತಂಕದ ಕಾಯಿಲೆ ಇತ್ತು. ಒಟ್ಟಾವಾದ ರಾಯಲ್ ಆಸ್ಪತ್ರೆಯ ಮಾನಸಿಕ ಆರೋಗ್ಯದ ಪ್ರಚಾರಕ್ಕೆ ಅವರೇ ಮುಖವಾದರು, ಮನೆಯ ವಿಷಯವನ್ನು ಎಲ್ಲರ ಮುಂದೆ ಹೇಳಿದರು. 2008ರ ಹೊತ್ತಿಗೆ ಹಾಕಿ ಲಾಕರ್ ರೂಮಿನಿಂದ ಅಂಥ ಮಾತು ಬರುತ್ತಿರಲಿಲ್ಲ. ಹಲ್ಲು ಮುರಿದರೆ ಉಗಿದು ಆಡು, ತಲೆಯೊಳಗಿನದು ಬಾಯಿಬಿಡಬೇಡ, ಅದೇ ರೂಢಿ.

ಪ್ರಶ್ನೆ ಕೇಳುವವಳು
ಅಕ್ಕಾ, ಇದನ್ನು ಓದಿ ನಿಜಕ್ಕೂ ಮನಸ್ಸು ತುಂಬಿತು. ನಮ್ಮ ಮನೆಯಲ್ಲಿ ಇಂಥದ್ದನ್ನು ಹತ್ತಿರದ ನೆಂಟರಿಗೂ ಹೇಳುವುದಿಲ್ಲ.

ಕನಾಟಾ ಅಂಕಲ್
ಈ ಊರಿನ ಪ್ರೀತಿಗೆ ಇದು ದೊಡ್ಡ ಕಾರಣ. ನನ್ನ ಪಕ್ಕದ ಮನೆಯವರ ಮಗ ಡಾಕ್ಟರ ಹತ್ತಿರ ಹೋಗಲು ಒಪ್ಪುತ್ತಿರಲಿಲ್ಲ. ಗೋಡೆಯ ಮೇಲೆ ಆಲ್ಫಿಯ ಪೋಸ್ಟರ್ ಇತ್ತು. 'ಅವನೇ ಹೋಗಿ ಅನ್ನುತ್ತಿದ್ದಾನಲ್ಲ' ಅಂತ ಅಪ್ಪ ಹೇಳಿದ ಮೇಲೆ ಹೋದ. ಈಗ ಚೆನ್ನಾಗಿದ್ದಾನೆ.

ರಿಡೋ ದಂಡೆ
ಮ್ಯಾಚ್ ಮುಗಿದ ಮೇಲೆ ಕನಾಟಾದಿಂದ ಡೌನ್‌ಟೌನ್‌ಗೆ ಬಸ್ಸಿನಲ್ಲಿ ಬರುವುದು ಯಾರಿಗಾದರೂ ಸುಲಭವಾಗಿದೆಯಾ? ಮಗನನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇನೆ.

ಗೋಣಿಕೊಪ್ಪದ ಹುಡುಗ
ಮೂರನೇ ಪೀರಿಯಡ್‌ನಲ್ಲಿ ಐದು ನಿಮಿಷ ಇರುವಾಗ ಎದ್ದುಬಿಡಿ ಅಂತಾರೆ. ಎದ್ದರೆ ಗೋಲು ತಪ್ಪುತ್ತದೆ. ಕಾರಿನಲ್ಲೇ ಹೋಗಿ, ದೂರ ನಿಲ್ಲಿಸಿ ನಡೆಯಿರಿ. ಮಗನಿಗೆ ಇನ್ನೊಂದು ಸ್ವೆಟರ್ ಇರಲಿ, ಮೇಲಿನ ಸೀಟು ಜಾಸ್ತಿ ಚಳಿ.

ನೀಲಿ ಎಲೆ
ವಿಷಯಕ್ಕೆ ಬನ್ನಿ. ಆಲ್ಫ್ರೆಡ್ಸನ್ 2004ರ ಜನವರಿಯಲ್ಲಿ ಮಾಡಿದ್ದೂ ನೆನಪಿದೆ ನನಗೆ. ನಮ್ಮ ಮ್ಯಾಟ್ಸ್ ಸುಂಡಿನ್ ಮುರಿದ ಸ್ಟಿಕ್ಕನ್ನು ಸಿಟ್ಟಿನಲ್ಲಿ ಪ್ರೇಕ್ಷಕರ ಕಡೆ ಎಸೆದು ಒಂದು ಪಂದ್ಯ ಅಮಾನತಾದರು. ಸುಂಡಿನ್ ಇಲ್ಲದ ಆ ಪಂದ್ಯದಲ್ಲೇ ಇವನು ಟೊರಾಂಟೊಗೆ ಬಂದು ಸ್ಟಿಕ್ ಎಸೆಯುವ ಹಾಗೆ ನಟಿಸಿದ. ತನ್ನದೇ ದೇಶದ ಕ್ಯಾಪ್ಟನ್ ಅವರು!

ಗೋಥೆನ್‌ಬರ್ಗ್ ಕನ್ನಡತಿ
ಅದೇ ಇಬ್ಬರು ಎರಡು ವರ್ಷದ ಮೇಲೆ ಟ್ಯೂರಿನ್‌ನಲ್ಲಿ ಒಟ್ಟಿಗೆ ಚಿನ್ನ ಗೆದ್ದರು. ಆಟಗಾರರು ಮರೆತದ್ದನ್ನು ಅಭಿಮಾನಿಗಳು ಹಿಡಿದುಕೊಂಡು ಕೂತಿದ್ದಾರೆ.

ಮಂಜಿನೂರಿನವ
ಡೆಟ್ರಾಯ್ಟ್‌ಗೆ ಹೋದ ಮೇಲೆ ಊರು ಕ್ಷಮಿಸಿದ್ದು ಹೇಗೆ? ಅದೊಂದು ಉಳಿಯಿತು.

ಕನಾಟಾ ಅಂಕಲ್
ತಕ್ಷಣ ಕ್ಷಮಿಸಲಿಲ್ಲ. 2013ರ ಡಿಸೆಂಬರ್ 1ರಂದು ಡೆಟ್ರಾಯ್ಟ್‌ನ ಕೆಂಪು ರೆಕ್ಕೆಯ ಜೆರ್ಸಿ ಹಾಕಿಕೊಂಡು ಬಂದ. ಚಪ್ಪಾಳೆಯೂ ಇತ್ತು, 'ಬೂ'ನೂ ಇತ್ತು. ಕೊನೆಗೆ ಗೋಲ್‌ಕೀಪರ್ ಇಲ್ಲದ ಖಾಲಿ ಗೋಲಿಗೆ ಪಕ್ ಹಾಕಿ ನಮ್ಮನ್ನು 4–2ಕ್ಕೆ ಸೋಲಿಸಿದ. ಮರುವರ್ಷ ಡಿಸೆಂಬರ್ 4ಕ್ಕೆ ಒಂದು ದಿನದ ಕರಾರಿಗೆ ಸಹಿ ಹಾಕಿ ಸೆನೆಟರ್ ಆಗಿಯೇ ನಿವೃತ್ತನಾದ. ಆ ಸಂಜೆ ಪಂದ್ಯಕ್ಕೆ ಮುಂಚೆ ತಂಡದ ಜೊತೆ ವಾರ್ಮಪ್‌ಗೆ ಇಳಿದ. ಹಳೆಯ ಜೆರ್ಸಿ, 11 ನಂಬರ್, ಎದೆಯ ಮೇಲೆ ಕ್ಯಾಪ್ಟನ್ನಿನ ಸಿ. ಅಷ್ಟರಲ್ಲೇ ಎಲ್ಲ ಕರಗಿತು. 2016ರ ಡಿಸೆಂಬರ್ 29ರಂದು ಆ ನಂಬರನ್ನು ಇನ್ನು ಯಾರಿಗೂ ಕೊಡದೆ ಛಾವಣಿಗೆ ಏರಿಸಿದರು, ಎದುರಾಳಿ ಡೆಟ್ರಾಯ್ಟೇ.

ಆಮೇಲೂ ಮಾಲೀಕ ಯೂಜೀನ್ ಮೆಲ್ನಿಕ್ ಜೊತೆ ಸರಿ ಹೋಗಲಿಲ್ಲ. ಹೊಸ ಮಾಲೀಕರು ಬರಲಿ ಅಂತ 2018ರಲ್ಲಿ ಬಹಿರಂಗವಾಗಿಯೇ ಅಂದ. ಮೆಲ್ನಿಕ್ 2022ರಲ್ಲಿ ತೀರಿಕೊಂಡರು. 2023ರಲ್ಲಿ ಮೈಕಲ್ ಆಂಡ್ಲೌಯರ್ ತಂಡ ಕೊಂಡರು. ಅದೇ ಡಿಸೆಂಬರ್‌ನಲ್ಲಿ ಆಲ್ಫಿ ಅಸಿಸ್ಟೆಂಟ್ ಕೋಚ್ ಆಗಿ ಬೆಂಚಿಗೆ ಬಂದ. 2025ರಲ್ಲಿ ಎಂಟು ವರ್ಷದ ಮೇಲೆ ಪ್ಲೇಆಫ್ ನೋಡಿದೆವು.

ನೀಲಿ ಎಲೆ
ಆ ಸಲವೂ ಗೆದ್ದದ್ದು ಟೊರಾಂಟೊ. ಆರು ಪಂದ್ಯದಲ್ಲಿ.

ಗೋಣಿಕೊಪ್ಪದ ಹುಡುಗ
😂 ಇವರು ಬಿಡುವುದಿಲ್ಲ.

ವ್ಯಾಂಕೂವರ್ ಮಳೆ
ಸರಿ, ಆಲ್ಫ್ರೆಡ್ಸನ್ ಹಾಲ್ ಆಫ್ ಫೇಮ್‌ಗೆ ಅರ್ಹ, ಒಪ್ಪಿದೆ. ಹಾಗಾದರೆ ಮಾರ್ಕುಸ್ ನಾಸ್‌ಲುಂಡ್ ಯಾಕಿಲ್ಲ? ಅವನೂ ಸ್ವೀಡಿಷ್ ವಿಂಗರ್, ಎಡಗಡೆ. ಎಂಟು ವರ್ಷ ವ್ಯಾಂಕೂವರ್ ಕ್ಯಾಪ್ಟನ್. 2003ರಲ್ಲಿ ಆಟಗಾರರೇ ಮತ ಹಾಕಿ ಕೊಡುವ ಲೆಸ್ಟರ್ ಪಿಯರ್ಸನ್ ಪ್ರಶಸ್ತಿ, ಆ ಸೀಸನ್ 48 ಗೋಲು. 19 ನಂಬರ್ ನಮ್ಮ ಛಾವಣಿಯಲ್ಲಿದೆ.

ಅಂಕಿಸಂಖ್ಯೆ
ನಾಸ್‌ಲುಂಡ್ 869 ಪಾಯಿಂಟ್, ಆಲ್ಫ್ರೆಡ್ಸನ್ 1157. ವ್ಯತ್ಯಾಸ 288. ಅದು ಚಿಕ್ಕದಲ್ಲ.

ವ್ಯಾಂಕೂವರ್ ಮಳೆ
ಪಂದ್ಯಗಳೂ ಕಡಿಮೆ, 1117. ಗೋಲು ಕಷ್ಟ ಇದ್ದ ಕಾಲದಲ್ಲಿ ಮಾಡಿದ ಗೋಲು ಅವು. ಒಟ್ಟು ಲೆಕ್ಕ ಬಿಡಿ, 2001ರಿಂದ 2004ರ ತನಕದ ಆಟ ನೋಡಿದವರು ಯಾರಾದರೂ ಇದ್ದರೆ ಬರೆಯಿರಿ. ಆ ಮೂರು ವರ್ಷ ಲೀಗ್‌ನಲ್ಲಿ ಅವನಿಗಿಂತ ಒಳ್ಳೆಯ ಎಡ ವಿಂಗರ್ ಯಾರಿದ್ದರು, ಹೆಸರು ಹೇಳಿ.

ಕನಾಟಾ ಅಂಕಲ್
ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನು ಬರುತ್ತೇನೆ. ನನ್ನ ಮತ ನಾಸ್‌ಲುಂಡ್ ಪರವೇ.